ನನ್ನ ಬಳ್ಳಿ, ಮಾವನವರ ಲೋಟ

ಈಗಿನ ಮದುವೆ ಮನೆಗಳಲ್ಲಿ ಊಟಕ್ಕೆ ಮೊದಲು ದ್ರಾಕ್ಷಿ ರಸ ಕೊಡುತ್ತಾರೆ. ತಟ್ಟೆ ಹಿಡಿದು ಬಂದವರಿಗೆ ನಾನು ಬೇಡ ಎಂದು ಕೈ ಅಲ್ಲಾಡಿಸುತ್ತೇನೆ. "ಅಮ್ಮಗ ಶುಗರ್ ಇರಬೇಕು" ಎನ್ನುತ್ತಾ ಅವರು ಮುಂದಿನ ಸಾಲಿಗೆ ಹೋಗುತ್ತಾರೆ. ನನಗೆ ಶುಗರ್ ಇಲ್ಲ, ಬಿಪಿ ಇಲ್ಲ. ಇರುವುದು ಸಿಟ್ಟು. ಎಪ್ಪತ್ತರ ದಶಕದಲ್ಲಿ ಹತ್ತಿದ್ದು ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ. ಅದು ಯಾಕೆ ಹತ್ತಿತು ಎಂಬುದನ್ನು ಬರೆದಿಡುತ್ತೇನೆ. ನನ್ನದು ತಪ್ಪೋ ಸರಿಯೋ ಓದಿದವರು ಹೇಳಲಿ.

ನನ್ನ ತವರು ಸಿರುಗುಪ್ಪ. ಕಾಲುವೆ ನೀರು ಬಂದ ಮೇಲೆ ಊರ ಸುತ್ತ ಎತ್ತ ನೋಡಿದರೂ ಭತ್ತ. ನಮ್ಮ ಹಿತ್ತಲಲ್ಲಿ ಮಾತ್ರ, ಬಾವಿಯ ಪಕ್ಕ, ಅಪ್ಪ ನೆಟ್ಟ ಒಂದು ಕರಿ ದ್ರಾಕ್ಷಿ ಬಳ್ಳಿ ಇತ್ತು. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಳಗೆ ಬೀಜ. ತಿಂದರೆ ನಾಲಿಗೆ ನೀಲಿಯಾಗುತ್ತಿತ್ತು. ಬಂದವರೆಲ್ಲ ಒಂದು ಹಣ್ಣು ಬಾಯಿಗೆ ಹಾಕಿ ಮುಖ ಕಿವುಚುತ್ತಿದ್ದರು. ಅಪ್ಪನಿಗೆ ಮಾತ್ರ ಅದೆಂದರೆ ಪ್ರಾಣ. ಕಡ್ಡಿಗೆ ಎಲ್ಲಿ ಕತ್ತರಿ ಹಾಕಬೇಕು, ಚಿಗುರೊಡೆಯಲು ಎಷ್ಟು ಕಣ್ಣು ಬಿಡಬೇಕು, ಎಲೆಯ ಅಡಿಗೆ ಬೂಷ್ಟು ಹಿಡಿದರೆ ಮೈಲುತುತ್ತ, ಸುಣ್ಣ ಎಷ್ಟೆಷ್ಟು ಕಲಸಿ ಹೊಡೆಯಬೇಕು, ಎಲ್ಲವನ್ನೂ ನನಗೆ ಕಲಿಸಿದರು. ಅಣ್ಣಂದಿರಿಗೂ ಕಲಿಸಲು ಹೋದರು, ಅವರು ಕಲಿಯಲಿಲ್ಲ.

ನನ್ನನ್ನು ಕುರುಗೋಡಿಗೆ ಕೊಟ್ಟ ಎರಡನೇ ವರ್ಷ ಅಪ್ಪ ತೀರಿಕೊಂಡರು. ಬಾವಿ ಮುಚ್ಚಿ ಅಲ್ಲೊಂದು ಕೋಣೆ ಕಟ್ಟಿಸುತ್ತೇವೆ ಎಂದರು ಅಣ್ಣಂದಿರು. ಜಗಳ ಮಾಡಿದರೆ ಕೇಳುವವರಿರಲಿಲ್ಲ. ಬಳ್ಳಿಯ ಕಡ್ಡಿಗಳನ್ನು ಕತ್ತರಿಸಿ, ಹಸಿ ಗೋಣಿತಟ್ಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ತವರಿಗೆ ಹೋದ ಹೆಣ್ಣುಮಕ್ಕಳು ಸೀರೆ ತರುತ್ತಾರೆ, ಇವಳು ಕಟ್ಟಿಗೆ ತಂದಳು ಎಂದು ಓಣಿಯವರು ನಕ್ಕರು. ಗುಡ್ಡದ ಕೆಳಗೆ ಮಾವನವರ ತೋಟದಲ್ಲಿ ಕೆಂಪು ಮಣ್ಣಿನ ಒಂದು ಮೂಲೆ ಖಾಲಿ ಬಿದ್ದಿತ್ತು. ಅಲ್ಲಿ ನೆಟ್ಟೆ. ಮೊದಲ ಬೇಸಿಗೆ ಕೊಡ ಹೊತ್ತು ನೀರು ಹಾಕಿದೆ. ನಲವತ್ತೆರಡು ಬಳ್ಳಿ ಬದುಕಿದವು. ಕಲ್ಲು ಕಂಬ ನಿಲ್ಲಿಸಿ ಚಪ್ಪರ ಹಾಕಿಸಲು ನಮ್ಮ ಯಜಮಾನರ ಬೆನ್ನು ಬಿದ್ದು ಒಂದು ವರ್ಷ ಕಳೆಯಿತು. ಆ ದೊಡ್ಡ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಚಪ್ಪರವೊಂದೇ. ಸಿರುಗುಪ್ಪದ ತಾಯಿಬಳ್ಳಿಯೂ ಹೋದ ಮೇಲೆ, ಅಪ್ಪನ ಕೈಯದ್ದು ಎಂದು ಭೂಮಿಯ ಮೇಲೆ ಉಳಿದದ್ದೂ ಅದೊಂದೇ.

ಹಣ್ಣು ಬಿಟ್ಟಿತು, ತಿನ್ನುವವರಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯ ಹಣ್ಣಿನ ವ್ಯಾಪಾರಿಗಳು ಬುಟ್ಟಿಯ ಮೇಲಿನ ಎಲೆ ಸರಿಸಿ ನೋಡಿ, "ಇದನ್ನ ಯಾರ್ ತಿಂತಾರ್ರಿ, ಹಸಿರುದು ತರ್ರಿ" ಎಂದು ಬುಟ್ಟಿಯನ್ನು ನಮ್ಮ ಕಡೆಗೇ ತಳ್ಳುತ್ತಿದ್ದರು. ಹೀಗಿರುವಾಗ ಕೊಳಗಲ್ಲು ಎಂಬ ಊರಿನ ಕಡೆ ಒಂದು ಫ್ಯಾಕ್ಟರಿ ಶುರುವಾಯಿತು. ಫ್ಯಾಕ್ಟರಿ ಎಂದರೆ ದೊಡ್ಡದೇನಲ್ಲ, ಎರಡು ಶೆಡ್ಡು, ಒಂದು ಬೇವಿನ ಮರ. ಅವರಿಗೆ ಬೇಕಾಗಿದ್ದೇ ಈ ಕರಿ ಹಣ್ಣು. ಅಲ್ಲಿ ಮಾಡುತ್ತಿದ್ದದ್ದು ವೈನು. ಅದು ನನಗೂ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು. ಮಾವನವರಿಗೆ ಮಾತ್ರ ಯಜಮಾನರು "ಶರಬತ್ತಿನ ಫ್ಯಾಕ್ಟರಿ" ಎಂದು ಹೇಳಿದ್ದರು.

ಹಾಗೆ ಹೇಳದೆ ಬೇರೆ ದಾರಿ ಇರಲಿಲ್ಲ. ಮಾವನವರು ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗಕ್ಕೆ ತೋರಿಸದೆ ನೀರನ್ನೂ ಮುಟ್ಟುವವರಲ್ಲ. ರೊಟ್ಟಿಯಾಗಲಿ, ಮಜ್ಜಿಗೆಯಾಗಲಿ, ಹೊಲದಲ್ಲಿ ಕಿತ್ತ ಒಂದು ಸೌತೆಕಾಯಿಯಾಗಲಿ, ಮೊದಲು ಲಿಂಗಕ್ಕೆ ಅರ್ಪಿಸಬೇಕು, ಆಮೇಲೆ ಬಾಯಿಗೆ. ಕಳ್ಳಿನ ಅಂಗಡಿ ಇರುವ ಬೀದಿಯಲ್ಲಿ ಅವರು ನಡೆಯುತ್ತಲೇ ಇರಲಿಲ್ಲ, ಸುತ್ತು ಹಾಕಿ ಹೋಗುತ್ತಿದ್ದರು. ಅಷ್ಟು ನಿಷ್ಠೆಯ ಮನುಷ್ಯ. ಅದಕ್ಕೆ ನನ್ನ ತಕರಾರಿಲ್ಲ. ಆ ನಿಷ್ಠೆಯ ಭಾರವನ್ನೆಲ್ಲ ಮನೆಯ ಹೆಂಗಸರ ತಲೆಯ ಮೇಲೆ ಹೊರಿಸುತ್ತಿದ್ದರಲ್ಲ, ಅದಕ್ಕೆ ನನ್ನ ತಕರಾರು.

ಎರಡು ವರ್ಷ ಗುಟ್ಟು ನಡೆಯಿತು. ಮೂರನೇ ವರ್ಷ ಶಿವರಾತ್ರಿ ಮುಗಿದು ಹಣ್ಣು ಕೊಯ್ಯುವ ಹೊತ್ತಿಗೆ ಗುಡಿಯ ಕಟ್ಟೆಯ ಮೇಲೆ ಯಾರೋ ಕಿವಿ ಊದಿದರು. ಮಾವನವರು ಮನೆಗೆ ಬಂದವರೇ ಚಪ್ಪಲಿ ಬಿಡದೆ ಅಂಗಳದಲ್ಲಿ ನಿಂತು ಮಗನನ್ನು ಕೂಗಿದರು.

"ಲೇ ತಮ್ಮಾ, ಅದು ಸಾರಾಯಿ ಫ್ಯಾಕ್ಟ್ರಿ ಅಂತಲ್ಲೋ! ನಮ್ಮ ಮನಿ ಹಣ್ಣು ಸಾರಾಯಿ ಆಗಾಕತ್ತೈತಿ ಅಂತ ಊರೆಲ್ಲಾ ನಗಾಕತ್ತೈತಿ!"

ಯಜಮಾನರು ಬಾಯಿ ಬಿಡುವ ಮೊದಲೇ ಅವರು ಕಂಬಾರನ ಕಡೆಯಿಂದ ಕೊಡಲಿ ಮಸೆಸಿ ತರಿಸಿದ್ದರು. ಅದನ್ನು ತೋಟಕ್ಕೆ ಒಯ್ದು ನನ್ನ ಚಪ್ಪರದ ಮೊದಲ ಕಂಬಕ್ಕೆ ಒರಗಿಸಿದರು. "ನಾನ ಹೋಗಿ ಕಣ್ಣಾರೆ ನೋಡ್ತೀನಿ. ಅದು ಸೆರಿ ಅಂತ ಕಂಡ್ರ, ಬಂದ ದಿನಾನ ಎಲ್ಲಾ ಬಳ್ಳಿ ಬುಡಕ್ಕ ಕೊಡ್ಲಿ. ಶರಬತ್ತು ಅಂತ ಕಂಡ್ರ ಇರ್ಲಿ."

ನಲವತ್ತೆರಡು ಬಳ್ಳಿಗಳ ಜೀವ ಹೀಗೆ ಒಂದು ಮಧ್ಯಾಹ್ನದ ಪಂಚಾಯ್ತಿಗೆ ಬಂತು. ನೆಟ್ಟವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಬರುತ್ತೇನೆ ಎಂದೆ. ಹೆಣ್ಣುಮಕ್ಕಳಿಗೆ ಅಲ್ಲೇನು ಕೆಲಸ ಎಂದರು. "ಹಣ್ಣು ಒಡೀದಂಗ ಬುಟ್ಟಿ ಇಳಸಾಕ ನಿಮಗ ಬರ್ತೈತೇನ್ರಿ?" ಎಂದೆ. ಹೆಂಗಸು ಒಬ್ಬಳೇ ಬೇಡ ಎಂದು ಅತ್ತೆಯನ್ನೂ ಜೊತೆಗೆ ಹೊರಡಿಸಿದರು. ಅತ್ತೆ ಹೆಚ್ಚು ಮಾತಾಡುವವರಲ್ಲ. ಸೆರಗು ಹೊದ್ದು ಬುಟ್ಟಿಗಳ ನಡುವೆ ಟ್ರೇಲರ್‌ನಲ್ಲಿ ಬಂದು ಕೂತರು. ಯಜಮಾನರು ಟ್ರ್ಯಾಕ್ಟರ್ ಓಡಿಸಿದರು, ಮಾವನವರು ಅವರ ಪಕ್ಕ ಮಡ್‌ಗಾರ್ಡಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು.

ಫ್ಯಾಕ್ಟರಿಯ ಮಾಲೀಕರು ಬಳ್ಳಾರಿಯಲ್ಲಿದ್ದರು, ಆ ದಿನ ಬಂದಿರಲಿಲ್ಲ. ಎಲ್ಲ ನೋಡಿಕೊಳ್ಳುತ್ತಿದ್ದವರು ಕೌಲ್ ಬಜಾರಿನ ಒಬ್ಬ ಮುದುಕರು. ಕ್ರಿಶ್ಚನ್ನರು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ದೊಡ್ಡ ಯುದ್ಧದ ಕಾಲದಲ್ಲಿ ಇಟಲಿಯ ಕೈದಿಗಳನ್ನು ಬಳ್ಳಾರಿಯಲ್ಲಿ ಇಟ್ಟಿದ್ದರಲ್ಲ, ಆಗ ಅಲ್ಲಿಯ ಅಡುಗೆ ಮನೆಯಲ್ಲಿ ಕೆಲಸಕ್ಕಿದ್ದರಂತೆ. ದ್ರಾಕ್ಷಿಯ ವಿದ್ಯೆ ಆ ಕೈದಿಗಳೇ ಕಲಿಸಿದ್ದು. ಅವರು ಒಂದು ಗೊಂಚಲು ಎತ್ತಿ, ಬಿಸಿಲಿಗೆ ಹಿಡಿದು, ಒಂದು ಹಣ್ಣು ಹಿಚುಕಿ, ಬೆರಳು ಅಂಟುವುದನ್ನು ನೋಡಿದರು. ಹಣ್ಣನ್ನು ಹಾಗೆ ಮರ್ಯಾದೆಯಿಂದ ನೋಡಿದವರನ್ನು ಅಪ್ಪನ ನಂತರ ನಾನು ಕಂಡಿರಲಿಲ್ಲ.

"ಈ ತ್ವಾಟ ಮಾಡೋರು ಯಾರ್ರಿ?" ಎಂದು ಕೇಳಿದರು.

"ನಾವ" ಎಂದರು ಮಾವನವರು. ಆ ಚಪ್ಪರದ ಕೆಳಗೆ ಅವರು ನೆರಳಿಗಾಗಿ ಮಲಗಿದ್ದು ಬಿಟ್ಟರೆ ಬೇರೇನೂ ಮಾಡಿದವರಲ್ಲ.

"ಹೌದ್ರಾ? ಕತ್ರಿ ಹಾಕುವಾಗ ಎಷ್ಟು ಕಣ್ಣು ಬಿಡ್ತೀರಿ ಗೌಡ್ರ?"

ಮಾವನವರು ಮೀಸೆ ಸವರಿಕೊಂಡರು. "ಎಷ್ಟು ಬೇಕೋ ಅಷ್ಟು."

ನನಗೆ ತಡೆಯಲಾಗಲಿಲ್ಲ. ಟ್ರೇಲರ್‌ನಿಂದಲೇ "ಮೂರು ಕಣ್ಣು" ಎಂದೆ. "ಬಲ ಇದ್ದ ಕಡ್ಡಿಗೆ ನಾಕು." ಮೇಸ್ತ್ರಿ ತಿರುಗಿ ನನ್ನನ್ನು ನೋಡಿದರು, ಮಾವನವರನ್ನು ನೋಡಿದರು, ನಕ್ಕರು. "ಗೊತ್ತಾತು ಬಿಡ್ರಿ" ಎಂದರು. ಆಮೇಲೆ ನನ್ನ ಕಡೆ ನೋಡಿಯೇ ಹೇಳಿದರು: "ಅಮ್ಮಾ, ನಿಮ್ಮ ತ್ವಾಟದ್ದು ನಾನು ಯಾವದಕ್ಕೂ ಬೆರಸಿಲ್ಲ. ಹೋದ ವರ್ಷದ್ದು ಬ್ಯಾರೇನ ಒಂದು ಪೀಪಾಯಿದಾಗ ಇಟ್ಟೀನಿ." ನನ್ನ ಬಳ್ಳಿಯದು ಬೇರೆ ಪೀಪಾಯಿಯಲ್ಲಿದೆ! ಅದರ ರುಚಿ ನೋಡಬೇಕು ಎಂಬ ಆಸೆ ಆ ಕ್ಷಣ ಹುಟ್ಟಿತು. ಕುಡಿಯುವ ಚಪಲವಲ್ಲ. ಅಪ್ಪನ ಹುಳಿ ಹಣ್ಣು ಕೊನೆಗೆ ಏನಾಯಿತು ಎಂದು ತಿಳಿಯುವ ಹಂಬಲ.

ಮೊದಲ ಶೆಡ್ಡಿನಲ್ಲಿ ಹಣ್ಣು ತುಳಿದು ಸಿಮೆಂಟಿನ ತೊಟ್ಟಿಗಳಿಗೆ ತುಂಬಿದ್ದರು. ಸಿಪ್ಪೆಯೆಲ್ಲ ಮೇಲೆ ತೇಲಿ, ಅದರ ನಡುವೆ ನೊರೆ ಬುಳುಬುಳು ಎನ್ನುತ್ತಿತ್ತು. ಕಣಜಗಳು ಗುಂಯ್‌ಗುಟ್ಟುತ್ತಿದ್ದವು. ಸಿಹಿ ವಾಸನೆ, ಅದರ ಹಿಂದೆ ದೋಸೆ ಹಿಟ್ಟು ಹುದುಗಿದಾಗಿನ ವಾಸನೆ. ಮಾವನವರು ಮೂಗು ಮುಂದೆ ಮಾಡಿ ತೊಟ್ಟಿಯಿಂದ ತೊಟ್ಟಿಗೆ ಹೋದರು, ಪೊಲೀಸರು ಮನೆ ಜಪ್ತಿ ಮಾಡುವ ಹಾಗೆ.

"ಇದೇನಿದು?"

"ರಸ ಗೌಡ್ರ. ನಾಕು ದಿನದ್ದು, ನಿಮ್ಮ ಮನಿಯಿಂದ ಮೊದಲು ಬಂದ ಹಣ್ಣಿಂದು. ಇನ್ನಾ ವೈನ್ ಆಗಿಲ್ಲ." ಮೇಸ್ತ್ರಿ ಸುಳ್ಳು ಹೇಳಲಿಲ್ಲ. ಆದರೆ ಮಾವನವರಿಗೆ ಗೊತ್ತಿದ್ದದ್ದು ಸೆರೆ, ಸಾರಾಯಿ ಎಂಬ ಹೆಸರು, ವೈನ್ ಎಂಬ ಮಾತು ಅವರು ಕೇಳಿದವರಲ್ಲ. ಇನ್ನೂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಾವನವರು "ತೋರಿಸ್ರಿ ನೋಡೂನು" ಎಂದು ಕೈ ನೀಡಿದ್ದರು.

ಲೋಟದಲ್ಲಿ ರಸ ಬಂತು. ನೇರಳೆ ಬಣ್ಣ, ಮೇಲೆ ಗುಳ್ಳೆ. ಮಾವನವರು ಬೇವಿನ ನೆರಳಿಗೆ ಹೋಗಿ ಕೂತು, ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟು, ಲೋಟವನ್ನು ಅದರ ಮುಂದೆ ಹಿಡಿದು, ಕಣ್ಣು ಮುಚ್ಚಿ, ಭಕ್ತಿಯಿಂದ ಅರ್ಪಿಸಿದರು. ಯಜಮಾನರ ಮುಖ ಬಿಳಿಚಿಕೊಂಡಿತು. "ಅಪ್ಪಾ..." ಎಂದರು. ಅಪ್ಪ ಆಗಲೇ ಒಂದು ಗುಟುಕು ಕುಡಿದಾಗಿತ್ತು.

"ಸಿಹಿ ಐತಲ್ಲೋ!" ಎಂದರು. "ಸೆರಿ ಅಂದ್ರ ಕಹಿ ಇರ್ತೈತಿ, ನಾಲಿಗಿ ಸುಡ್ತೈತಿ ಅಂತಾರ. ಇದು ಹಣ್ಣಿನ ರಸಾನ. ಜುಮುಜುಮು ಅಂತೈತಿ, ಸೋಡಾ ಹಾಕ್ಯಾರೇನ?" ಆಮೇಲೆ ಎರಡನೇ ಲೋಟ. ಅದನ್ನೂ ಅರ್ಪಿಸಿದರು. ಬಿಸಿಲಿತ್ತು, ದಾರಿಯ ಧೂಳಿತ್ತು. ಮೂರನೆಯದನ್ನು ಅವರೇ ಕೇಳಿ ಪಡೆದರು.

ಮೇಸ್ತ್ರಿ ಪಾಪ ಒಳ್ಳೆಯ ಮನುಷ್ಯ, ಹೆಂಗಸರಿಗೂ ಕೊಡೋಣ ಎಂದು ಎರಡು ಲೋಟ ತಂದು ನಮ್ಮ ಮುಂದೆ ಹಿಡಿದರು. ನಾನು ಕೈ ಚಾಚಿದೆ. ಬೇವಿನ ಮರದ ಕೆಳಗಿಂದ ಗುಡುಗು ಬಂತು.

"ಏಯ್! ನಮ್ಮ ಮನಿ ಹೆಣ್ಣುಮಕ್ಳು ಕಂಡಕಂಡಲ್ಲೆ ಕುಡಿಯಂಗಿಲ್ಲ. ಮನಿಗಿ ಹೋಗಿ ನೀರು ಕುಡೀತಾರ ತಗೀರಿ."

ಗಮನಿಸಿ. ಅವರ ಲೆಕ್ಕಕ್ಕೆ ಅದು ಬರೀ ಹಣ್ಣಿನ ರಸ. ಲಿಂಗ ಒಪ್ಪಿದ ರಸ. ನನ್ನ ಬಳ್ಳಿಯ ಹಣ್ಣಿನದೇ ರಸ. ಆದರೂ ನನಗೆ ಇಲ್ಲ. ಕೈ ಹಿಂದೆ ತೆಗೆದುಕೊಂಡಾಗ ನನ್ನ ಮೈಯೆಲ್ಲ ಉರಿಯಿತು. ಅತ್ತೆ ಕೈ ಚಾಚಿರಲೇ ಇಲ್ಲ. ಅವರಿಗೆ ಮೊದಲೇ ಗೊತ್ತಿತ್ತೇನೋ.

ಇಷ್ಟರ ನಡುವೆ ಯಜಮಾನರು ಕಾಣಲಿಲ್ಲ. ಎರಡನೇ ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು, ಹೋಗಿ ಇಣುಕಿದೆ. ಒಳಗೆ ತಂಪು, ಕತ್ತಲು, ಸಾಲಾಗಿ ಮರದ ಪೀಪಾಯಿಗಳು. ಮೇಸ್ತ್ರಿ ಆಗಲೇ ಅಲ್ಲಿಗೆ ಬಂದು ಚಹಾ ಕುಡಿಯುವ ಗಾಜಿನ ಲೋಟಕ್ಕೆ ಸ್ವಲ್ಪ ಸುರಿದು, ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ದಾಳಿಂಬೆ ಕಾಳಿನ ಕೆಂಪು. ನಮ್ಮ ಯಜಮಾನರು ಅದನ್ನು ಮೂಸಿದರು, ಬಾಯಿಗೆ ಹಾಕಿ ಈ ಕೆನ್ನೆಯಿಂದ ಆ ಕೆನ್ನೆಗೆ ಆಡಿಸಿದರು, ನುಂಗಿದರು. ತಲೆ ಆಡಿಸಿದರು. ಕಡ್ಡಿಗೆ ಒಂದು ದಿನ ಕತ್ತರಿ ಹಾಕದವರು, ಎಲೆಗೆ ಒಂದು ದಿನ ಮೈಲುತುತ್ತ ಹೊಡೆಯದವರು, ದೊಡ್ಡ ಪರಿಣತರ ಹಾಗೆ "ಛಲೋ ಐತಿ" ಎಂದರು. ನನ್ನನ್ನು ಕಂಡ ಕೂಡಲೇ ತುಟಿಯ ಮೇಲೆ ಬೆರಳಿಟ್ಟರು, ಅಪ್ಪನಿಗೆ ಹೇಳಬೇಡ ಎಂದು. ಲೋಟದಲ್ಲಿ ಇನ್ನೂ ಎರಡು ಗುಟುಕು ಇತ್ತು. ತಗೋ ಎನ್ನಲಿಲ್ಲ. ಆ ಮಾತು ಅವರಿಗೆ ಹೊಳೆಯಲೇ ಇಲ್ಲ. ಬೇಡ ಎಂದವರನ್ನಾದರೂ ಕ್ಷಮಿಸಬಹುದು, ಹೊಳೆಯಲೇ ಇಲ್ಲದವರನ್ನು ಏನು ಮಾಡುವುದು?

ಹಿಂದಿರುಗುವಾಗ ಮಾವನವರು ಮಡ್‌ಗಾರ್ಡಿನ ಮೇಲೆ ಕೂರಲು ಒಪ್ಪಲಿಲ್ಲ. ಟ್ರೇಲರ್ ಹತ್ತಿ ಖಾಲಿ ಬುಟ್ಟಿಗಳ ನಡುವೆ ಕಾಲು ಚಾಚಿದರು. ಸ್ವಲ್ಪ ದೂರ ಭಜನೆ ಹೇಳಿದರು. ಆಮೇಲೆ ಸತ್ತುಹೋದ ತಮ್ಮ ತಾಯಿಯನ್ನು ನೆನೆದು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಅತ್ತೆಯ ಕಡೆ ತಿರುಗಿ, "ನೀ ಭಾಳ ಛಲೋ ಹೆಣ್ಣುಮಗಳು" ಎಂದರು. ಅತ್ತೆ ಗಾಬರಿಯಾಗಿ ಸೆರಗು ಇನ್ನಷ್ಟು ಎಳೆದುಕೊಂಡರು. ಅಷ್ಟು ವರ್ಷದ ಸಂಸಾರದಲ್ಲಿ ಆ ಮಾತು ಅವರು ಮೊದಲ ಸಲ ಕೇಳಿದ್ದು. ಕೊನೆಗೆ ನನಗೂ ಒಂದು ಪಾಲು ಬಂತು. "ಯವ್ವಾ, ನಿನ್ನ ಬಳ್ಳಿ ಇರ್ಲಿ ಬಿಡು. ಶರಬತ್ತು ಅದು. ಕೊಡ್ಲಿ ಒಳಗಿಡು." ನಾನು ನಗಬೇಕೋ ಅಳಬೇಕೋ ತಿಳಿಯದೆ ಬುಟ್ಟಿ ಹಿಡಿದು ಕೂತೆ. ಬಳ್ಳಿ ಉಳಿಯಿತಲ್ಲ, ಸಾಕು ಎಂದುಕೊಂಡೆ.

ಸಾಕಾಗಲಿಲ್ಲ. ಮರುದಿನ ಅವರು ಎದ್ದಾಗ ಬಿಸಿಲು ಅಂಗಳ ದಾಟಿತ್ತು. ತಲೆ ಸಿಡಿಯುತ್ತದೆ, ನಿನ್ನೆಯ ಬಿಸಿಲು ಬಡಿಯಿತು ಎಂದರು. ಸ್ನಾನ ಪೂಜೆ ಮುಗಿಸಿ ಮಗನನ್ನು ಕರೆದರು.

"ಲೇ ತಮ್ಮಾ, ಎರಡು ಕೊಡಪಾನ ತಗೊಂಡು ಹೋಗಿ ಆ ರಸ ತುಂಬಿಸಿಕೊಂಡು ಬಾ. ಸೋಮವಾರ ಅಯ್ನೋರು ಪಾದಪೂಜಿಗಿ ಬರ್ತಾರ. ಅವ್ರಿಗೂ ಕೊಡೂನು."

ಮಠದ ಅಯ್ಯನವರಿಗೆ! ಯಜಮಾನರು ನನ್ನ ಮುಖ ನೋಡಿದರು. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ನಿಂತ ನಿಲುವಿನಲ್ಲೇ ಹೇಳಿಬಿಟ್ಟರು: ನಾಲ್ಕು ದಿನ ಹುದುಗಿದರೆ ಅದರಲ್ಲಿ ಅಮಲು ಅರ್ಧ ಬಂದಿರುತ್ತದೆ, ಸಿಹಿ ಹೋಗಿರುವುದಿಲ್ಲ, ಅಷ್ಟೇ.

ಮಾವನವರ ಕೈ ತಾನಾಗಿ ಕೊರಳಿನ ಕರಡಿಗೆಗೆ ಹೋಯಿತು. ಆ ಗಳಿಗೆ ನನಗೆ ಅವರ ಬಗ್ಗೆ ಕನಿಕರವಾಯಿತು, ಸುಳ್ಳೇಕೆ ಹೇಳಲಿ. ಕುಡಿದದ್ದು ಒಂದು ಕಡೆ ಇರಲಿ, ಲಿಂಗಕ್ಕೆ ಅರ್ಪಿಸಿದ್ದರಲ್ಲ, ಅದೂ ಮೂರು ಸಲ. ಇಡೀ ಜನ್ಮ ಕಾಪಾಡಿಕೊಂಡದ್ದು ಒಂದು ಮಧ್ಯಾಹ್ನದಲ್ಲಿ ಹೋದಂತೆ ಆಗಿತ್ತು. ಒಂದು ಮಾತು "ತಪ್ಪಾತು" ಎಂದಿದ್ದರೆ ನಾನೇ ಅವರ ಕಾಲ ಬಳಿ ಕೂತು ಅಳುತ್ತಿದ್ದೆ.

ಅವರು ಎದ್ದು ನಿಂತು ಬೆರಳು ತೋರಿಸಿದ್ದು ನನ್ನ ಕಡೆಗೆ.

"ನಿನ್ನ ತವರಿನ ಬಳ್ಳಿ ನನ್ನ ಲಿಂಗ ಕೆಡಿಸ್ತು. ಸೋಮವಾರ ಅಯ್ನೋರ ಅಪ್ಪಣಿ ತಗೊಂಡು ಬುಡಸಮೇತ ಕಡಸ್ತೀನಿ."

ಎಂಥ ನ್ಯಾಯ! ಸುಳ್ಳು ಹೇಳಿ ಹಣ್ಣು ಕಳಿಸಿದವರು ಮಗ. ಕೇಳಿ ಕೇಳಿ ಕುಡಿದವರು ಅಪ್ಪ. ಒಂದು ತೊಟ್ಟು ಬಾಯಿಗೆ ಹಾಕದ ನಾನು ತಪ್ಪಿತಸ್ಥೆ. ಯಜಮಾನರ ಕಡೆ ನೋಡಿದೆ. ಅವರು ಟ್ರ್ಯಾಕ್ಟರ್ ತೊಳೆಯುವುದಿದೆ ಎಂದು ಹೊರಗೆ ಹೋದರು. ಸೋಮವಾರದ ತನಕ ನಾಲ್ಕು ದಿನವೂ ಮಧ್ಯಾಹ್ನ ಚಪ್ಪರದ ಕೆಳಗೆ ಹೋಗಿ ಇನ್ನೂ ಕಂಬಕ್ಕೆ ಒರಗಿದ್ದ ಆ ಕೊಡಲಿಯನ್ನೇ ನೋಡುತ್ತ ಕೂರುತ್ತಿದ್ದೆ. ಕೂತಾಗ ಒಂದು ವಿಷಯ ಹೊಳೆಯಿತು. ಬಳ್ಳಿ ಕಡಿಸುತ್ತೇನೆ ಎಂದು ಮಾವನವರು ಅಯ್ಯನವರ ಮುಂದೆ ಹೇಳಬೇಕು. ಆದರೆ ತಾವು ಕುಡಿದದ್ದನ್ನು ಹೇಳಲಾರರು.

ಸೋಮವಾರ ಅಯ್ಯನವರು ಬಂದರು. ಪಾದಪೂಜೆಯಾಯಿತು, ಪ್ರಸಾದವಾಯಿತು. ಓಣಿಯ ಹತ್ತು ಜನ ಪಡಸಾಲೆಯಲ್ಲಿ ಕೂತಿದ್ದರು. ಮಾವನವರು ಕೈಮುಗಿದು ಶುರು ಮಾಡಿದರು.

"ಅಪ್ಪಾವ್ರ, ಆ ದ್ರಾಕ್ಷಿ ಬಳ್ಳಿ ಕಡಸಬೇಕಂತ ಮಾಡೀನಿ. ಆ ಹಣ್ಣು ಸೆರಿ ಮಾಡಾಕ ಹೋಗ್ತೈತಂತ. ನಿಮ್ಮ ಅಪ್ಪಣಿ ಆಗ್ಲಿ."

"ನೋಡೀರೇನು?" ಎಂದರು ಅಯ್ಯನವರು.

"ಹೋಗಿ ಕಣ್ಣಾರೆ ನೋಡಿ ಬಂದೀನ್ರಿ."

ನಾನು ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ಗಂಡಸರು ಕೂತಲ್ಲಿ ಹೆಂಗಸರು ಬಾಯಿ ಹಾಕುವ ಮನೆ ಅಲ್ಲ ಅದು. ಹಾಕಿದೆ.

"ಅಪ್ಪಾವ್ರ, ನಾನೂ ಹೋಗಿದ್ನಿ. ಅಲ್ಲೆ ಮಾವಾರು ರಸಾನ ಲಿಂಗಕ್ಕ ಅರ್ಪಿಸಿ ತಗೊಂಡ್ರು. ಮೂರು ಸರ್ತಿ. ಸೆರಿ ಆಗಿದ್ರ ನಮ್ಮ ಮಾವಾರಂಥೋರು ಲಿಂಗಕ್ಕ ಅರ್ಪಿಸ್ತಿದ್ರೇನ್ರಿ?"

ಮಾವನವರ ಕಿವಿ ಕೆಂಪಾಯಿತು. ಅಯ್ಯನವರು ವಯಸ್ಸಾದವರು, ಜನ ನೋಡಿದವರು. ಅವರು ಮಾವನವರ ಮುಖವನ್ನು ನಿಧಾನವಾಗಿ ನೋಡಿದರು, ಆಮೇಲೆ ನನ್ನ ಮುಖವನ್ನು.

"ಏನ್ ಗೌಡ್ರ, ನೀವು ಅರ್ಪಿಸಿದ್ದು ರಸಾನ ಹೌದಿಲ್ಲೋ?"

"ಹೌದ್ರಿ" ಎಂದರು ಮಾವನವರು. "ರಸ."

"ಹಂಗಾರ ಲಿಂಗ ಒಪ್ಪಿದ ಬಳ್ಳಿ ಕಡೀತಾರೇನು? ಬಿಡ್ರಿ, ಇರ್ಲಿ."

ಬಳ್ಳಿ ಉಳಿಯಿತು. ಮಾವನವರ ಮಾನವೂ ಉಳಿಯಿತು, ಉಳಿಸಿದವಳು ನಾನು. ಅದಕ್ಕೆ ಸಿಕ್ಕ ಬಹುಮಾನ ಎಂದರೆ ಅವರು ನನ್ನೊಂದಿಗೆ ದೀಪಾವಳಿಯ ತನಕ ಮಾತು ಬಿಟ್ಟದ್ದು. ಊರಿನವರು "ಗೌಡ್ರು ದೊಡ್ಡ ಮನಸ್ಸು ಮಾಡಿ ಸೊಸಿ ಬಳ್ಳಿ ಉಳಿಸಿದ್ರು" ಎಂದು ಕೊಂಡಾಡಿದರು. ಮಾವನವರು ಅದನ್ನು ಕೇಳಿ ಮೀಸೆ ಸವರಿಕೊಂಡರು. ಕೊಡಲಿ ಅತ್ತೆಯ ಕಟ್ಟಿಗೆ ಒಡೆಯುವ ಕೆಲಸಕ್ಕೆ ಬಂತು. ಹಣ್ಣು ಕೊಳಗಲ್ಲಿನ ಕಡೆ ಹೋಗುವುದು ನಿಲ್ಲಲಿಲ್ಲ. ಈಗ ಅದು ಅಧಿಕೃತವಾಗಿ ರಸ.

ಮರುವರ್ಷ ಹಣ್ಣು ಇಳಿಸಿ ಬಂದ ಯಜಮಾನರು ಖಾಲಿ ಬುಟ್ಟಿಯಿಂದ, ಗೋಣಿತಟ್ಟಿನ ಕೆಳಗಿನಿಂದ, ಒಂದು ಬಾಟಲಿ ತೆಗೆದರು. ಬಿರಡೆಗೆ ಅರಗು ಹಾಕಿದ್ದ ಹಸಿರು ಬಾಟಲಿ. "ಮೇಸ್ತ್ರಿ ಕೊಟ್ರು" ಎಂದರು. "'ಮೂರು ಕಣ್ಣು ಬಿಡೋ ಅಮ್ಮಗ ಕೊಡ್ರಿ, ಅವ್ರ ತ್ವಾಟದ್ದ ಪೀಪಾಯಿದು' ಅಂದ್ರು." ಮದುವೆಯಾಗಿ ಅಷ್ಟು ವರ್ಷವಾಗಿತ್ತು, ನನ್ನದು ಎಂದು ಹೊರಗಿನಿಂದ ಆ ಮನೆಗೆ ಬಂದ ಮೊದಲ ವಸ್ತು ಅದು. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಳಕಿಗೆ ಎತ್ತಿ ನೋಡುವಷ್ಟರಲ್ಲಿ ಹಿಂದಿನಿಂದ ಮಾವನವರ ಕೈ ಬಂತು.

"ಇಂಥಾವು ಮನ್ಯಾಗ ಇರಬಾರ್ದು. ಕೊಡು, ಹೊರಗ ಚೆಲ್ಲಿ ಬರ್ತೀನಿ."

ಕೊಟ್ಟೆ. ಕಿತ್ತುಕೊಳ್ಳಬೇಕಿತ್ತು. ಕೊಟ್ಟೆ ಎನ್ನುವುದಕ್ಕೆ ನನ್ನ ಮೇಲೆಯೇ ನನಗೆ ಇಂದಿಗೂ ಸಿಟ್ಟು.

ಮರುದಿನ ಬೆಳಿಗ್ಗೆ ಸಗಣಿ ತೆಗೆಯಲು ಹೋದ ಅತ್ತೆ ಹಿತ್ತಲಿನಿಂದ ನನ್ನನ್ನು ಕರೆದರು. ದನದ ಕೊಟ್ಟಿಗೆಯ ಹಿಂದೆ, ಹುಲ್ಲಿನ ಬಣವೆಯ ಮರೆಯಲ್ಲಿ, ಒಂದು ಚಪ್ಪಡಿ ಕಲ್ಲು ಇತ್ತು. ಅದನ್ನು ಯಾರೋ ನೀರು ಹಾಕಿ ಶುಚಿಯಾಗಿ ತೊಳೆದಿದ್ದರು. ಕಲ್ಲಿನ ಮೇಲೆ ಹಸಿರು ಬಾಟಲಿ, ಖಾಲಿ. ಪಕ್ಕದಲ್ಲಿ ಮಾವನವರ ಹಿತ್ತಾಳೆ ಲೋಟ. ಅದರ ಪಕ್ಕ ಒಂದು ಚಿಟಿಕೆ ವಿಭೂತಿ, ಎರಡು ಬಿಲ್ವಪತ್ರೆ. ಅರ್ಪಿಸಿಯೇ ಕುಡಿದಿದ್ದರು.

ನಾನು ಅಲ್ಲೇ ಕೂತೆ. ಅಳು ಬಂತು, ದುಃಖಕ್ಕಲ್ಲ. ಸಿಟ್ಟಿಗೆ ಬೇರೆ ದಾರಿ ಇರಲಿಲ್ಲ, ಕಣ್ಣಿನಿಂದ ಬಂತು. ಅತ್ತೆ ಬಾಟಲಿಯನ್ನು ಎತ್ತಿ ಅಲ್ಲಾಡಿಸಿ ಕಿವಿಯ ಬಳಿ ಹಿಡಿದರು. ಆಮೇಲೆ ನನ್ನ ಪಕ್ಕ ಕೂತರು.

"ಅಂಗೈ ಹಿಡಿ" ಎಂದರು.

ತೀರ್ಥಕ್ಕೆ ಹಿಡಿಯುವ ಹಾಗೆ ಅಂಗೈ ಗುಳಿ ಮಾಡಿ ಹಿಡಿದೆ. ಅವರು ಬಾಟಲಿ ಬೋರಲು ಮಾಡಿ, ತಳವನ್ನು ಮೆಲ್ಲಗೆ ತಟ್ಟುತ್ತ ಕಾದರು. ಒಂದು ತೊಟ್ಟು ಬಿತ್ತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಮೂರನೆಯದಕ್ಕೆ ಅವರು ತಮ್ಮ ಅಂಗೈ ಒಡ್ಡಿದರು. ನಾನು ನೆಕ್ಕಿದೆ. ಹುಳಿ. ಆಮೇಲೆ ಒಗರು. ಎಲ್ಲ ಮುಗಿಯಿತು ಎನ್ನುವಾಗ ನಾಲಿಗೆಯ ಹಿಂದಿನಿಂದ ಸಿರುಗುಪ್ಪದ ಹಿತ್ತಲಿನ ಹಣ್ಣಿನ ರುಚಿ ಎದ್ದು ಬಂತು. ಬಾವಿಯ ಕಟ್ಟೆಯ ಮೇಲೆ ಕೂತು ಅಪ್ಪನ ಕೈಯಿಂದ ತಿಂದದ್ದು, ಅದೇ. ಅಷ್ಟರಲ್ಲಿ ತೊಟ್ಟು ಮುಗಿದಿತ್ತು.

ಅತ್ತೆಯೂ ನೆಕ್ಕಿದರು. ಮುಖ ಕಿವುಚಿದರು. ಬಾಟಲಿಯನ್ನೂ ಲೋಟವನ್ನೂ ಬಿಲ್ವಪತ್ರೆಯನ್ನೂ ನೋಡಿದರು.

"ಇಷ್ಟು ದೊಡ್ಡ ಬಾಟ್ಲಿ" ಎಂದರು. "ಒಬ್ರ ಕುಡದ್ರಲ್ಲ ಬೇ."

ಆ ದಿನ ಮಧ್ಯಾಹ್ನ ಮಾವನವರು ಊಟಕ್ಕೆ ಕೂತಾಗ ನಾನು ತಟ್ಟೆ ಇಟ್ಟು ರೊಟ್ಟಿ ಬಡಿಸಿದೆ. ಪಡಸಾಲೆಯಲ್ಲಿ ಯಜಮಾನರೂ ಇದ್ದರು. ಅತ್ತೆ ಒಳಗಿನಿಂದ ಬಂದು, ಪ್ರತಿದಿನ ನೀರಿನ ತಂಬಿಗೆ ಇಡುವ ಜಾಗದಲ್ಲಿ, ಚೆನ್ನಾಗಿ ತೊಳೆದು ನೀರು ತುಂಬಿದ ಆ ಹಸಿರು ಬಾಟಲಿಯನ್ನು ಇಟ್ಟರು.

"ಲಿಂಗಕ್ಕ ತೋರಿಸಿ ಕುಡೀರಿ" ಎಂದರು.

ಮಾವನವರು ಬಾಟಲಿಯನ್ನು ನೋಡಿದರು. ತಲೆ ಎತ್ತಲಿಲ್ಲ. ಕರಡಿಗೆ ಬಿಚ್ಚಿ, ನೀರನ್ನು ಅರ್ಪಿಸಿ, ಕುಡಿದರು. ಇನ್ನೊಂದು ರೊಟ್ಟಿ ಬೇಕೇ ಎಂದು ನಾನು ಕೇಳಲಿಲ್ಲ.